ಹೊಳಪನ್ನು ನಂಬದ ಗಫೂರಸಾಬರು

ಹೊಳೆಯುವ ವಸ್ತು ಕಂಡರೆ ಸಾಕು, ಗಫೂರಸಾಬರ ಹೆಬ್ಬೆರಳಿನ ಉಗುರು ಸುಮ್ಮನಿರುತ್ತಿರಲಿಲ್ಲ. ಹೋಟೆಲಿನ ಚಮಚ, ಬಸ್ಸಿನ ಸರಳು, ಯಾವುದನ್ನೂ ಕೆರೆಯದೆ ಬಿಟ್ಟವರಲ್ಲ. ನನ್ನ ಮದುವೆಯ ಗಡಿಯಾರದ ಪಟ್ಟಿಯನ್ನೂ ಕೆರೆದು, "ಬರೇ ಪಾಲಿಶ್ ಅದರಿ ಶೇಖರಪ್ನೋರ, ಎರಡು ವರ್ಷಕ್ಕ ಹೋಗ್ತದ" ಎಂದರು. ಮಾವ ಕೊಟ್ಟ ಗಡಿಯಾರ! ನನಗೆ ಮೈಯೆಲ್ಲ ಉರಿಯಿತು. ಒಂದೂವರೆ ವರ್ಷಕ್ಕೇ ಹೋಯಿತು, ಆ ಮಾತು ಬೇರೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುಮನಾಬಾದಿನ ಸಣ್ಣ ಕಾರ್ಖಾನೆಯೊಂದರಲ್ಲಿ ತಗಡಿಗೆ ತೂತು ಹೊಡೆಯುವ ಉಕ್ಕಿನ ಪಂಚುಗಳಿಗೆ ಕ್ರೋಮಿಯಂ ಲೇಪ ಹಾಕುತ್ತಿದ್ದೆವು. ಲೇಪದ ತೊಟ್ಟಿ ನನ್ನದು, ತಪಾಸಣೆ ಅವರದು. ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದರು. ಲೇಪವೋ ಕೂದಲೆಳೆಗಿಂತ ತೆಳು. ಅದು ಉಕ್ಕಿಗೆ ಅಂಟಿದೆಯೋ ಇಲ್ಲವೋ ತಿಳಿಯಲು ವಜ್ರದ ಮೊನೆಯ ಯಂತ್ರದಿಂದ ಪಂಚನ್ನು ಒತ್ತಿ, ಬಿದ್ದ ಕುಳಿಗೆ ಭೂತಗನ್ನಡಿ ಹಿಡಿಯುವರು. ಅಂಚಿನಲ್ಲಿ ಸಿಪ್ಪೆ ಎದ್ದರೆ ನಾಪಾಸು.

"ಹೊಳಪಿಗಿ ಸಲಾಂ ಹೊಡೀಬ್ಯಾಡ್ರಿ, ಹಿಡ್ತ ನೋಡ್ರಿ" ಎನ್ನುತ್ತಿದ್ದರು. ಒಳ್ಳೆಯ ಪಂಚು ಹಾಳುಮಾಡುತ್ತಾನೆಂದು ಮಾಲಕರು ಗೊಣಗುತ್ತಿದ್ದರು.

ಆ ವರ್ಷ ದಸರೆಯ ಖಂಡೆಪೂಜೆಯ ದಿನ ಯಂತ್ರ, ಹತಾರಗಳಿಗೆಲ್ಲ ಕುಂಕುಮವಿಟ್ಟಾಯಿತು. ಲೇಪಕ್ಕೆಂದು ತೊಳೆದಿಟ್ಟ ಹೊಸ ಪಂಚುಗಳನ್ನು ತೋರಿಸಿ ಮಾಲಕರು, "ಇವಕ್ಕೂ ಹಚ್ರಿ" ಎಂದರು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಂದೊಂದಕ್ಕೂ ಹಚ್ಚಿದವನು ನಾನೇ. ಹಬ್ಬ ಮುಗಿದು ಕೆಲಸ ಶುರುವಾದಾಗ ಮತ್ತೆ ತೊಳೆಯಬೇಕಿತ್ತು. ಸರಕು ಕಳಿಸುವ ಅವಸರದಲ್ಲಿ ಬಟ್ಟೆಯಿಂದ ಒರೆಸಿ ತೊಟ್ಟಿಗಿಳಿಸಿಬಿಟ್ಟೆ.

ಗಫೂರಸಾಬರು ಒಂದನ್ನು ಒತ್ತಿದರು, ನಾಲ್ಕನ್ನು ಒತ್ತಿದರು. ಎಲ್ಲದರಲ್ಲೂ ಬೆರಳ ತುದಿಯಷ್ಟಗಲ ಒಂದೇ ಜಾಗದಲ್ಲಿ ಲೇಪ ಏಳುತ್ತಿತ್ತು, ಉಳಿದ ಕಡೆ ಗಟ್ಟಿ. ಚೀಟಿಯ ಮೇಲೆ ನಾಪಾಸು ಎಂದು ಬರೆದರು.

"ಪೂಜಿ ಆದ ಮಾಲಿಗಿ ನಾಪಾಸ್ ಬರೀತಿ? ನಮ್ಮ ಪೂಜಿ ನಿನ್ನ ಕಣ್ಣಾಗ ಚುಚ್ಚಾಕತ್ತದೇನು?" ಎಂದು ಮಾಲಕರು ಚೀರಿದರು. ತಂದೆಯ ವಯಸ್ಸಿನವರಿಗೆ ಏಕವಚನ!

"ಪೂಜಿ ಮ್ಯಾಗ ನಂದೇನು ತಕರಾರಿಲ್ರಿ ಮಾಲಕ್ರ. ಹಿಡ್ತ ಇಲ್ಲ, ಅಷ್ಟೇರಿ."

ಹೇಳಿ ನನ್ನ ಕಡೆ ನೋಡಿದರು. ನಾನು ತೊಟ್ಟಿಯ ಕಡೆ ನೋಡಿದೆ. ಮಾಲಕರು ಅವರನ್ನು ಅವತ್ತೇ ಕೆಲಸದಿಂದ ಕಿತ್ತುಹಾಕಿ, ಸರಕು ಹಾಗೆಯೇ ಕಳಿಸಿದರು. ತಿಂಗಳೊಳಗೆ ಸರಕೆಲ್ಲ ಸಿಪ್ಪೆಯೆದ್ದು ವಾಪಸು ಬಂತು. ಆದರೂ ಆ ಮಹಾಶಯ ಅವರನ್ನು ಕರೆಸಲಿಲ್ಲ. ಇವತ್ತಿಗೂ ನೆನೆದರೆ ಅವನ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಎರಡು ವರ್ಷದ ಮೇಲೆ ಬಸವಕಲ್ಯಾಣದಲ್ಲಿ, ಕೋಟೆ ಕಡೆಯ ಗಲ್ಲಿಯಲ್ಲಿ ಅವರು ಸ್ಟೋವ್ ರಿಪೇರಿ ಮಾಡುತ್ತ ಕೂತಿದ್ದರು. ಅದೇ ಕೊನೆಯ ಭೇಟಿ. ಚಹಾ ತರಿಸಿದರು.

"ಸಾಬ್ರ, ಅವತ್ತು ಆ ಎಣ್ಣಿ ಕುಂಕುಮ..." ಎಂದು ಶುರುಮಾಡಿದೆ.

"ನಂಗ ಗೊತ್ತಿತ್ತು ಬಿಡ್ರಿ. ಅದು ಬೆರಳಿನ ಗುರ್ತು ಅಂತ ಅವತ್ತೇ ತಿಳೀತು."

"ಮತ್ತ ಯಾಕ ಹೇಳಲಿಲ್ರಿ?" ಜಗಳಕ್ಕೆ ಬಂದವನಂತೆ ಕೇಳಿದೆ.

"ನಾ ಹೇಳಿದ್ರ ಪೂಜಿಗಿ ಹೆಸರಿಟ್ಟಂಗ ಆಗ್ತಿತ್ತು. ನೀವು ಹೇಳಿದ್ರ ಬರೇ ಒಂದು ತಪ್ಪು." ಸ್ಟೋವಿಗೆ ಪಿನ್ನು ಚುಚ್ಚುತ್ತ, ತಲೆಯೆತ್ತದೆ ಅಂದರು: "ಅವತ್ತು ಗೇಟಿನ ಮುಂದ ನಿಂತು ಕಲ್ಯಾಣದ ಎರಡು ಬಸ್ ಬಿಟ್ಟೀನ್ರಿ. ಶೇಖರಪ್ನೋರು ಬರ್ತಾರ ಅಂತ."