ದುರ್ಗವ್ವನ ಚಿತ್ರಕ್ಕೆ ಸುಣ್ಣ

ಎದುರು ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ. ಹಸಿ ಸುಣ್ಣದ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನಾನು ಮಾತ್ರ ಕಿಟಕಿ ಮುಚ್ಚಿಕೊಳ್ಳುತ್ತೇನೆ. ವಯಸ್ಸಾಯಿತು, ಧೂಳು ಆಗಿಬರುವುದಿಲ್ಲ ಎಂದು ಮನೆಯವರಿಗೆ ನೆಪ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ಬಾಗೇವಾಡಿ ತಾಲ್ಲೂಕಿನ ಒಂದು ಊರಿನಲ್ಲಿ ನಾನು ಶಾಲೆಯ ಮಾಸ್ತರ. ಹೊಸ ನೌಕರಿ, ಇಸ್ತ್ರಿ ಅಂಗಿ, ಬಾಯಿತುಂಬ ಸಮಾನತೆಯ ಭಾಷಣ. ಆಗ ಮುದ್ದೇಬಿಹಾಳದಿಂದ ಸಿದ್ರಾಮಣ್ಣ, ಶಾಂತಕ್ಕ ಎಂಬ ಗಂಡ ಹೆಂಡತಿ ಬಂದರು. ಇಂಡಿ, ಸಿಂದಗಿ ಎಂದು ಊರೂರು ತಿರುಗಿ, ಆಯಾ ಊರಿನವರ ಕಷ್ಟವನ್ನು ಗೋಡೆಯ ಮೇಲೆ ಚಿತ್ರವಾಗಿ ಬರೆಯುವವರು. ಮೊದಲೆರಡು ದಿನ ಶಾಂತಕ್ಕ ಓಣಿಯ ಹೆಂಗಸರ ಜೊತೆ ಕೂತು, ಜೋಳ ಹಸನು ಮಾಡುತ್ತ, ಅವರ ಮಾತು ಕೇಳುವಳು. ಆಮೇಲೆ ಆತ ಬರೆಯುವುದು, ಈಕೆ ಹಿಂದೆ ನಿಂತು ತಿದ್ದಿಸುವುದು. "ಗೆರಿ ನಂದು, ಮಾತು ಈಕೀದು," ಎಂದು ಆತ ನಗುತ್ತಿದ್ದ. ಒಪ್ಪಿಗೆ ಕೇಳದೆ ಯಾರ ಮುಖವನ್ನೂ ಬರೆಯುತ್ತಿರಲಿಲ್ಲ.

ಶಾಲೆಯ ಗೋಡೆ ಕೊಟ್ಟವನು ನಾನೇ. ಅದರ ಮೇಲೆ ಊರ ಬಾವಿ ಮೂಡಿತು. ಬಾವಿ ಮುಟ್ಟುವಂತಿಲ್ಲದ ಕೇರಿಯ ಹೆಂಗಸರು, ಯಾರಾದರೂ ನೀರು ಸುರಿದಾರೆಂದು ಖಾಲಿ ಕೊಡ ಹಿಡಿದು ದೂರ ನಿಂತಿದ್ದರು. ಎಲ್ಲರಿಗಿಂತ ಮುಂದೆ, ನಮ್ಮ ಶಾಲೆಯ ಕಸ ಗುಡಿಸುವ ದುರ್ಗವ್ವ. "ನಂದ ಮಾರಿ ಬರೀರಿ. ನಾಕ ಮಂದಿ ನೋಡ್ಲಿ," ಎಂದು ತಾನಾಗಿಯೇ ಬಂದಿದ್ದಳು. ನಾನು ಚಪ್ಪಾಳೆ ತಟ್ಟಿದ್ದೆ.

ಗಂಡ ಹೆಂಡತಿ ಮುಂದಿನ ಊರಿಗೆ ಹೋದ ಮರುದಿನ ಪಂಚಾಯ್ತಿ ಚೇರ್ಮನ್ನರು ಬಂದರು.

"ಯಾರ ಹೇಳಿ ಬರಿಸ್ಯಾರ ಇದನ್ನ?"

"ನನಗ ಗೊತ್ತಿಲ್ರಿ. ಅವರ ಬರದ ಹೋಗ್ಯಾರ್ರಿ," ಎಂದೆ.

ಸಂಜೆಯೊಳಗೆ ಅಳಿಸದಿದ್ದರೆ ನೌಕರಿ ಉಳಿಯದು ಎಂದು ಹೇಳಿ ಹೋದರು. ನಾನೇ ಸುಣ್ಣ ಬಳಿಯಬಹುದಿತ್ತು. ಅಂಗಿ ಹೊಲಸಾದೀತೆಂದು, ಹೇಗೂ ಶಾಲೆಯ ಕೆಲಸದವಳಲ್ಲವೇ ಎಂದು, ದುರ್ಗವ್ವನ ಕೈಗೇ ಕುಂಚ ಕೊಟ್ಟೆ. ಆಕೆ ಕುಂಚವನ್ನು ಸುಣ್ಣದಲ್ಲಿ ಅದ್ದಿ ಗೋಡೆಯತ್ತ ತಿರುಗಿದಳು.

"ಮಾರಿಗೆ ಮೊದ್ಲ ಹಚ್ಚಲ್ರಿ, ಕೊಡಕ್ಕ ಮೊದ್ಲ ಹಚ್ಚಲ್ರಿ, ಮಾಸ್ತರ್ರ?"

ಸುದ್ದಿ ತಿಳಿದು ಶಾಂತಕ್ಕ ವಾರದೊಳಗೆ ಬಂದಳು. ನನ್ನನ್ನು ದಾಟಿ ನೇರ ದುರ್ಗವ್ವನ ಹತ್ತಿರ ಹೋಗಿ, "ತಪ್ಪು ನಮ್ದ ಐತಿ, ತಂಗಿ. ಗ್ವಾಡಿ ಕೊಡೋರು ಯಾರಂತ ಕೇಳಿದ್ವಿ, ಉಳಸೋರು ಯಾರಂತ ಕೇಳ್ಲಿಲ್ಲ," ಎಂದಳು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದೆ ಎಷ್ಟೋ ಸಭೆಗಳಲ್ಲಿ ಈ ದಂಪತಿಯ ಕಥೆ ಹೇಳಿದ್ದೇನೆ. ಅದರಲ್ಲಿ ನಾನು ಗೋಡೆ ಕೊಟ್ಟ ಧೀರ. ಚಿತ್ರ ಮಳೆಗೆ ಅಳಿಸಿಹೋಗುತ್ತದೆ. ನೀವೂ ಎಲ್ಲಾದರೂ ಕೇಳಿರಬಹುದು. ಅದು ಸುಳ್ಳು. ನಿಜವನ್ನು ಇಂದೇ ಮೊದಲು ಬರೆಯುತ್ತಿದ್ದೇನೆ. ಮೊದಲು ಮುಖಕ್ಕೋ ಕೊಡಕ್ಕೋ ಎಂದು ದುರ್ಗವ್ವ ಕೇಳಿದಾಗ ನಾನು ಆಕೆಯ ಮುಖ ನೋಡಲಿಲ್ಲ. "ಯಾವ್ದಕ್ಕರೆ ಹಚ್ಚು, ಲಗೂ ಮುಗಸು," ಎಂದು ಗಡಿಯಾರ ನೋಡಿಕೊಂಡೆ.