ಸಾಮಾನ್ಯ ಸೀಟಿಗೆ ನಿಂತ ಟೈಲರಮ್ಮ

ಕಳೆದ ವಾರ ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಹೋಗುತ್ತಿದ್ದಾಗ ಯಾವುದೋ ಅಂಗಡಿಯಿಂದ ಹೊಲಿಗೆ ಮಷಿನ್ನಿನ ಎಣ್ಣೆಯ ವಾಸನೆ ಬಂತು. ಅದರ ಜೊತೆಗೇ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಿಸಿಯಾದ ಹೊಸ ಬಟ್ಟೆಯ ಘಾಟು. ನಿಂತೇಬಿಟ್ಟೆ. ನಮ್ಮೂರಿನ ಟೈಲರಮ್ಮನ ಮನೆ ಹೀಗೇ ಇರುತ್ತಿತ್ತು...

ಮೇಲೂರಿನ ಆಚೆಗಿರುವ ಸಣ್ಣ ಊರು ನಮ್ಮದು. ನಾನು ಡಿಗ್ರಿಗೆ ಸೇರಿದ ವರ್ಷ, ಭಾನುವಾರ ಒಂದು ಬಿಟ್ಟು ಪ್ರತಿ ಸಂಜೆ ಅವರ ಹತ್ತಿರ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಊರಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ. ದಲಿತರ ಕಾಲೊನಿಯ ಮೊದಲ ಮನೆ ಅವರದು. ಗಂಡ ತೀರಿಕೊಂಡ ಮೇಲೆ ತಾವಾಗಿಯೇ ಆ ನಂಬಿಕೆಗೆ ಹೋದವರು. "ಯಾರೂ ಅಕ್ಕಿ ಕೊಟ್ಟು ಕರೀಲಿಲ್ಲ ಕಣಮ್ಮ, ನಾನೇ ಹೋಗಿ ಬಾಗಿಲು ತಟ್ಟಿದ್ದು" ಎನ್ನುತ್ತಿದ್ದರು. ಊರಿನ ಅರ್ಧದಷ್ಟು ಹೆಂಗಸರ ರವಿಕೆ ಅವರ ಕೈಯಲ್ಲೇ ಹೊಲಿದದ್ದು. ಅಳತೆ ಕೊಡಲು ಬಂದ ವಿಧವೆಯರಿಗೆ ಪಿಂಚಣಿಯ ಅರ್ಜಿಯನ್ನೂ ಬರೆದುಕೊಡುತ್ತಿದ್ದರು.

ಆ ವರ್ಷ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡಿಗೆ ಎರಡು ಸೀಟು. ಒಂದು ಸಾಮಾನ್ಯ, ಅದಕ್ಕೆ ಯಾವಾಗಲೂ ನಮ್ಮ ದೊಡ್ಡಪ್ಪನೇ ನಿಲ್ಲುತ್ತಿದ್ದದ್ದು, ಗೆಲ್ಲುತ್ತಿದ್ದದ್ದು. ಇನ್ನೊಂದು ಆ ಸಲ ಪರಿಶಿಷ್ಟ ಜಾತಿಯ ಹೆಂಗಸರಿಗೆ ಮೀಸಲಾಗಿತ್ತು. ಟೈಲರಮ್ಮ ತನ್ನ ಜೊತೆಗೆ ನಿಂತರೆ ಎರಡೂ ಸೀಟು ಸಲೀಸು ಎಂದು ದೊಡ್ಡಪ್ಪ ಲೆಕ್ಕ ಹಾಕಿದ್ದ. ಆದರೆ ಕ್ರೈಸ್ತರಾದವರಿಗೆ ಆ ಮೀಸಲಾತಿ ಸಿಗುವುದಿಲ್ಲ. ದೊಡ್ಡಪ್ಪ ಅದಕ್ಕೂ ದಾರಿ ಹುಡುಕಿಕೊಂಡೇ ಬಂದ. ನಾನು ಅಲ್ಲೇ ಗುಂಡಿ ಹೊಲಿಯುತ್ತಾ ಕೂತಿದ್ದೆ.

"ನಿನ್ನ ಸ್ಕೂಲ್ ಟೀಸೀಲಿ ಹಿಂದೂ ಅಂತ್ಲೇ ಐತಲ್ಲಮ್ಮ. ಸರ್ಟಿಫಿಕೇಟ್ ನಾನು ಮಾಡಿಸ್ತೀನಿ. ಒಂದು ತಿಂಗಳು ಚರ್ಚ್ ಕಡೆ ಹೋಗ್ಬೇಡ, ಅಷ್ಟೇ. ಯಾರು ನೋಡ್ತಾರೆ?"

"ನೋಡೋನು ಒಬ್ಬ ಇದಾನೆ ಅಂತ್ಲೇ ಗೌಡ್ರೇ ನಾನು ಅಲ್ಲಿಗೆ ಹೋಗೋದು" ಎಂದರು ಟೈಲರಮ್ಮ.

ದೊಡ್ಡಪ್ಪ ನಕ್ಕ. "ಹಂಗಾದ್ರೆ ನಿಲ್ಲಲ್ವಾ?"

"ನಿಲ್ತೀನಿ. ಸಾಮಾನ್ಯ ಸೀಟಿಗೆ."

ಮಷಿನ್ ನಿಂತಿತ್ತು. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ.

ಕಾಲೊನಿಯವರಿಗೆ ಸಿಟ್ಟು ಬಂತು. ಬರುವ ಸೀಟನ್ನು ಬಿಟ್ಟು ಸೋಲುವ ಸೀಟಿಗೆ ನಿಂತಳಲ್ಲ ಎಂದು ಸ್ವಂತ ತಮ್ಮನೇ ಬೈದ. ಅವರ ಪಾಸ್ಟರಿಗೆ ಮಾತ್ರ ಸಂಭ್ರಮ. ಭಾನುವಾರದ ಪ್ರಾರ್ಥನೆಯಲ್ಲಿ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದು ಬಂದರು. ಟೈಲರಮ್ಮ ಕೈ ಮುಗಿದರು. "ಬೇಡಿ ಪಾಸ್ಟರೇ. ಅಲ್ಲಿಗೆ ಜನ ದೇವರ ಹತ್ರ ಬರ್ತಾರೆ, ನನ್ನ ಹತ್ರ ಅಲ್ಲ. ಓಟು ಕೇಳೋಕೆ ನಾನು ಅವರ ಮನೆಗೇ ಹೋಗ್ತೀನಿ."

ಹೋದರು ಕೂಡ, ಮನೆಮನೆಗೆ, ಒಬ್ಬರೇ. ಹೊಲಿಗೆ ಮಷಿನ್ನಿನ ಗುರುತು ಬೇರೆ ಯಾರಿಗೋ ಹೋಗಿ ಇವರಿಗೆ ಸೀಲಿಂಗ್ ಫ್ಯಾನ್ ಸಿಕ್ಕಿತ್ತು. ಅರ್ಧ ದಿನ ಕರೆಂಟೇ ಇರದ ಊರಲ್ಲಿ ಫ್ಯಾನ್ ಗುರುತು ಎಂದು ಹೆಂಗಸರು ನಕ್ಕರು, ಅವರೂ ಸೇರಿ ನಕ್ಕರು. ಗುಡಿ ಬೀದಿಯ ಅಜ್ಜಿಯೊಬ್ಬಳು, "ಗೆದ್ರೆ ನಮ್ಮ ಗುಡೀಗೆ ಸುಣ್ಣ ಹೊಡೆಸ್ತೀಯೇನೇ?" ಎಂದು ಕೇಳಿದಳು. "ಪಂಚಾಯ್ತಿ ದುಡ್ಡು ನಿಮ್ಮ ಗುಡಿಗೂ ಇಲ್ಲ, ನಮ್ಮ ಚರ್ಚಿಗೂ ಇಲ್ಲ ಕಣವ್ವ. ಗುಡಿ ಮುಂದಿನ ಚರಂಡಿ ಮಾಡಿಸ್ತೀನಿ" ಎಂದರು. ಅಜ್ಜಿ ಎಲೆಯಡಿಕೆ ಕೊಟ್ಟು ಕಳಿಸಿದಳು.

ನನ್ನ ಮೊದಲ ಓಟು ಅದು. ಬೂತಿನಲ್ಲಿ ರಟ್ಟಿನ ಮರೆಯ ಹಿಂದೆ ನಿಂತಾಗ ದೊಡ್ಡಪ್ಪನ ಹೆಸರು ಕಣ್ಣಿಗೆ ಬಿತ್ತು. ಅವನ ಹೆಗಲ ಮೇಲೆ ಕೂತು ಬೆಳೆದವಳು ನಾನು. ಆದರೂ ಫ್ಯಾನಿನ ಮೇಲೆ ಒತ್ತಿ ಬಂದೆ.

ಟೈಲರಮ್ಮ ಒಂಬತ್ತು ಓಟಿನಿಂದ ಗೆದ್ದರು.

ಅಂದು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ದೊಡ್ಡಪ್ಪ ವರ್ಷವಿಡೀ ಅವರ ಮನೆಯ ಮುಂದೆ ಹಾಯಲಿಲ್ಲ. ಅವರು ಚರಂಡಿ ಮಾಡಿಸಿದರು, ಕಾಲೊನಿಗೆ ನಲ್ಲಿ ತಂದರು. ಮೂರನೇ ವರ್ಷ ಸಭೆಯಲ್ಲಿ ಎದ್ದು, ನಮ್ಮ ನಾಲ್ಕು ಮನೆಯವರಿಗೆ ಹೂಳೋಕೆ ಜಾಗವಿಲ್ಲ, ಸರ್ಕಾರಿ ಜಮೀನಿನಲ್ಲಿ ಐದು ಗುಂಟೆ ಕೊಡಿ ಎಂದು ಕೇಳಿದರು. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದರೆ, "ಮೊದಲು ಬದುಕಿರೋರ ನೀರು ಅನ್ಕೊಂಡೆ" ಎಂದರಂತೆ. ಠರಾವು ಪಾಸಾಯಿತು. ಕಾಗದ ತಾಲೂಕು ಆಫೀಸಿಗೆ ಹೋಗಿ ಅಲ್ಲೇ ಕೂತಿತು... ಅವರ ಅವಧಿ ಮುಗಿಯಿತು. ಮತ್ತೆ ಮಷಿನ್ನಿನ ಮುಂದೆ ಕೂತರು.

ಅವರು ತೀರಿಕೊಂಡಾಗ ಆ ಕಾಗದ ಇನ್ನೂ ಅಲ್ಲೇ ಇತ್ತು. ಚಿಕ್ಕಬಳ್ಳಾಪುರದಲ್ಲಿ ಹೂಳಬೇಕು ಎಂದು ಪಾಸ್ಟರ್ ವ್ಯಾನು ತರಿಸಿದರು. ಹೊರಡುವ ಹೊತ್ತಿಗೆ ದೊಡ್ಡಪ್ಪ ಕೋಲು ಊರಿಕೊಂಡು ಬಂದು, ಯಾರನ್ನೂ ಕೇಳದೆ ಹತ್ತಿ ಕೂತ. ನಾನೂ ಪಕ್ಕದಲ್ಲಿದ್ದೆ. ಮಣ್ಣು ಮಾಡಿ ಅದೇ ವ್ಯಾನಿನಲ್ಲಿ ವಾಪಸು ಹೊರಟೆವು. ನಮ್ಮೂರು ಹತ್ತಿರ ಬಂದಾಗ ದೊಡ್ಡಪ್ಪ ಅಂದ:

"ಅವತ್ತು ನಿನ್ನ ಓಟು ಯಾರಿಗೆ ಅಂತ ನಂಗೆ ಗೊತ್ತಿತ್ತು ಕಣೇ."

ನಾನು ತಲೆ ತಗ್ಗಿಸಲಿಲ್ಲ. ಅವನೂ ಬೈಯಲಿಲ್ಲ. "ಊರಿಗೆ ಮಾಡಿದೋಳು. ಊರಲ್ಲೇ ಮಲಗ್ಬೇಕಿತ್ತು" ಎಂದ.

ಮರುವಾರದಿಂದ ಅವನೂ ನಾನೂ ಆ ಕಾಗದದ ಹಿಂದೆ ಬಿದ್ದೆವು. ತಾಲೂಕು ಆಫೀಸಿನ ಮೆಟ್ಟಿಲಿಗೆ ದೊಡ್ಡಪ್ಪನ ಕೋಲಿನ ಸದ್ದು ಅಭ್ಯಾಸವಾಗಿಹೋಯಿತು. ಹೋದ ತಿಂಗಳು ಸರ್ವೆಯವರು ಬಂದು ಅಳೆದು, ನಾಲ್ಕು ಮೂಲೆಗೂ ಕಲ್ಲು ನೆಟ್ಟರು. ಐದು ಗುಂಟೆ ಪೂರ್ತಿ ಸಿಕ್ಕಿದೆ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ತಂಪಾದ ಜಾಗ. ಆ ಜಾಗವನ್ನು ಕೇಳಿದವರು ಮಾತ್ರ ಚಿಕ್ಕಬಳ್ಳಾಪುರದಲ್ಲಿ, ಗುರುತಿಲ್ಲದವರ ನಡುವೆ ಮಲಗಿದ್ದಾರೆ.