ಸಾರಕ್ಕಿ ದಾರಿಯ ಅರಿಶಿನದ ಕಲ್ಲು

ನಾನು ಜಯನಗರಕ್ಕೆ ಹೊರಟ ಬೆಳಿಗ್ಗೆ ಮಳೆ ನಿಂತಿತ್ತು. ಶಿವಾಜಿನಗರದಲ್ಲಿ ಬಸ್ಸು ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ಇನ್ನೊಂದು ಹಿಡಿದೆ. ಎರಡೂ ಸೇರಿ ನಾಲ್ಕಾಣೆ. ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ಕೇಸರಿಬಾತಿನ ಡಬ್ಬಿ. ತಂಗಿ ಸುಗುಣಳ ಮನೆಯ ತಳಪಾಯಕ್ಕೆ ಅಂದು ಪ್ರಾರ್ಥನೆ. ಪಾದ್ರಿಗಳು ಊರಲ್ಲಿಲ್ಲದ್ದರಿಂದ ಅದನ್ನು ನಡೆಸುವ ಭಾರ ನನ್ನ ಮೇಲೆ ಬಿದ್ದಿತ್ತು. ಶಾಲೆಯಲ್ಲಿ ನಾನು ಮೇಷ್ಟ್ರು, ಸಭೆಯಲ್ಲಿ ಹಿರಿಯ. ಬುದ್ಧಿ ಹೇಳುವುದೇ ಎರಡೂ ಕಡೆಯ ಕೆಲಸ.

ಕೊನೆಯ ಸ್ಟಾಪಿನಿಂದ ಸಾರಕ್ಕಿ ಕಡೆಗೆ ಒಂದೂವರೆ ಮೈಲಿ ನಡೆಯಬೇಕು. ಇಕ್ಕೆಲದಲ್ಲೂ ರಾಗಿ ಹೊಲ, ಆಚೆಗೆ ಕೆರೆಯ ಏರಿ, ಕಾಲಡಿ ಕೆಂಪು ಕೆಸರು. ಚಪ್ಪಲಿ ಕೈಗೆ ಬಂತು.

ಹದಿನೈದು ದಿನದ ಹಿಂದೆಯೂ ಇದೇ ದಾರಿಯಲ್ಲಿ ಬಂದಿದ್ದೆ. ಇಳಿಜಾರು ಸೈಟಿನ ನಡುವೆ ಅರಿಶಿನ ಬಳಿದ ಮೊಣಕಾಲೆತ್ತರದ ಕಲ್ಲೊಂದು ನಿಂತಿತ್ತು. ಮೊದಲು ಆ ಜಮೀನು ಉಳುತ್ತಿದ್ದ ಮುನಿಯಪ್ಪನವರು ಬಂದು, "ಅಮ್ಮನ ಕಲ್ಲು ಸಾಮಿ, ಅದರಿಂದ ಕೆಳಗೆ ಮನೆ ಕಟ್ಬ್ಯಾಡಿ" ಎಂದರು. "ನಾವು ಕ್ರೈಸ್ತರಪ್ಪ, ಇದಕ್ಕೆಲ್ಲ ಹೆದರೋರಲ್ಲ" ಎಂದೆ. "ಯಾಕೆ ಅಂತಾದ್ರೂ ಕೇಳೋಣ ಅಣ್ಣ" ಎಂದಳು ಸುಗುಣ. ಕೇಳಿದರೆ ನಂಬಿಕೆಗೆ ಕುಂದು ಎಂದು ನನ್ನ ಲೆಕ್ಕ. ಹಾರೆ ತರಿಸಿ ನಾನೇ ಕಲ್ಲನ್ನು ಮೀಟಿ ಉರುಳಿಸಿದೆ. ಆಗ ನನಗಾದ ಹೆಮ್ಮೆ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಈ ಸಲ ಹೋಗಿ ನೋಡಿದರೆ ತಳಪಾಯದ ಗುಂಡಿಗಳ ತುಂಬ ಕೆಂಪು ನೀರು. ತಂಗಿಯ ಗಂಡ ದೇವದಾಸ ಬಕೆಟ್ಟಿನಲ್ಲಿ ಮೊಗೆದು ಸಾಕಾಗಿ ನಿಂತಿದ್ದ. ಸುಗುಣಳ ಕಣ್ಣು ಊದಿಕೊಂಡಿತ್ತು. ಹತ್ತು ವರ್ಷ ಬಾಡಿಗೆ ಕೋಣೆಯಲ್ಲಿ ಕಳೆದ ಮೇಲೆ ಅವರಿಗೆ ಸಿಕ್ಕಿದ್ದು ಈ ಒಂದು ಸೈಟು. ಪ್ರಾರ್ಥನೆ ಮುಗಿದ ಕೂಡಲೇ ಗಾರೆಯವನು ಕಲ್ಲು ಕೂರಿಸುವುದಿತ್ತು.

"ರಾತ್ರಿ ಮಳೆ ಜೋರಿತ್ತು, ಇಳಿಯುತ್ತೆ ಬಿಡು" ಎಂದೆ.

"ಮೊಗೆದಷ್ಟೂ ಬರ್ತಾ ಇದೆ ಭಾವ" ಎಂದ ದೇವದಾಸ.

ಅಷ್ಟರಲ್ಲಿ ಮುನಿಯಪ್ಪನವರು ಟವೆಲಿನಲ್ಲಿ ಬೇಯಿಸಿದ ಕಡಲೆಕಾಯಿ ಕಟ್ಟಿಕೊಂಡು ಬಂದರು. ಮೊದಲು ಸುಗುಣಳ ಕೈಗೆ ಹಾಕಿ, "ತಿನ್ನವ್ವ" ಎಂದರು. ಈ ಸಲ ನಾನು ಕೇಳಿದೆ: "ಆ ಕಲ್ಲು ಯಾಕೆ ನೆಟ್ಟಿದ್ರು, ಮುನಿಯಪ್ಪನವರೇ?"

"ಕೆರೆ ತುಂಬಿ ಕೋಡಿ ಹರಿದ್ರೆ ನೀರು ಅಲ್ಲೀಗಂಟ ಬರ್ತದೆ ಸಾಮಿ. ನಮ್ಮ ತಾತ ಗುರ್ತಿಗೆ ನೆಟ್ಟಿದ್ದು."

"ಮತ್ತೆ ಅರಿಶಿನ?"

"ಬರೀ ಕಲ್ಲಾದ್ರೆ ಯಾರು ಬಿಡ್ತಾರೆ? ಕಿತ್ಕಂಡೋಗಿ ಬಟ್ಟೆ ಒಗೆಯಕ್ಕೆ ಹಾಕ್ಕೊತಾರೆ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರೇ ಸೈಟಿನ ಮೇಲಿನ ಅರ್ಧವನ್ನು ಹೆಜ್ಜೆ ಹಾಕಿ ಅಳೆದು, ಎರಡು ಕೋಣೆ, ಒಂದು ಅಡಿಗೆಮನೆಗೆ ಜಾಗ ಸಾಕೆಂದು ತೋರಿಸಿದರು. ಎಂಟು ದಿನದ ಅಗೆತ ವ್ಯರ್ಥವಾಯಿತು, ಮನೆ ಉಳಿಯಿತು.

ಕಲ್ಲು ನೀರಿನಲ್ಲಿ ಬಿದ್ದಿತ್ತು. ಪಂಚೆ ಎತ್ತಿ ಕಟ್ಟಿ ಇಳಿದು, ದೇವದಾಸನೊಡನೆ ಎತ್ತಿ ತಂದು ಮೊದಲಿನ ಕುಳಿಯಲ್ಲೇ ನಿಲ್ಲಿಸಿದೆ. ಮುನಿಯಪ್ಪನವರು ಸೊಂಟದಿಂದ ಅರಿಶಿನದ ಪೊಟ್ಟಣ ತೆಗೆದರು. "ನೀವು ಹಚ್ಬ್ಯಾಡಿ ಸಾಮಿ, ನಿಮ್ಮಲ್ಲಿ ಆಗಬರಾಕಿಲ್ಲ. ನಾನು ಹಚ್ತೀನಿ."

ಮೇಲಿನ ಒಣ ನೆಲದಲ್ಲಿ ಪ್ರಾರ್ಥನೆಗೆ ನಿಂತೆವು. ಮುನಿಯಪ್ಪನವರು ಟವೆಲನ್ನು ಹೆಗಲಿನಿಂದಿಳಿಸಿ ದೂರದಲ್ಲಿ ನಿಂತರು. ನಾನು ಹೋಗಿ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು.

"ಕರ್ತನೇ, ಮೂವತ್ತು ವರ್ಷದಿಂದ ವಿವೇಕ ಕೊಡು ಅಂತ ನಿನ್ನ ಕೇಳ್ತಾ ಬಂದೆ. ನೀನು ಇವರ ಕೈಲಿ ಕಳಿಸಿದೆ. ನಾನು ಕೂತ್ಕೊಳ್ಳಿ ಅಂತ ಕೂಡ ಅನ್ಲಿಲ್ಲ."

ಆಮೆನ್ ಎಂದಿದ್ದು ಸುಗುಣ ಒಬ್ಬಳೇ. ದೇವದಾಸ ಕೇಸರಿಬಾತಿನ ಡಬ್ಬಿ ತೆರೆದು ಮೊದಲು ಮುನಿಯಪ್ಪನವರ ಮುಂದೆ ಹಿಡಿದ.

ಕೇಸರಿಬಾತು ತಿಂದು ಮಧ್ಯಾಹ್ನ ಹೊರಟೆ. ರಾಗಿ ಹೊಲದ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಮನುಷ್ಯರ ಗುರುತು ಸಿಗುತ್ತಿರಲಿಲ್ಲ. ಹಳದಿ ಕಲ್ಲು ಮಾತ್ರ ಚೆನ್ನಾಗಿ ಕಾಣುತ್ತಿತ್ತು.